ಜಾವಾ ಸ್ಟ್ರಿಂಗ್ ಮತ್ತು ರಿಫ್ಲೆಕ್ಷನ್

ಅಕ್ಷರಗಳ ಸರಣಿಯನ್ನು ಹಿಡಿದಿಡುವ ಆಬ್ಜೆಕ್ಟ್ ಸ್ಟ್ರಿಂಗ್. ಸ್ಮಾಲ್‌ಟಾಕ್-80 ಭಾಷೆಯಲ್ಲಿ ಅದನ್ನು ಇದ್ದಲ್ಲೇ ತಿದ್ದಬಹುದಿತ್ತು. ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರ ಜಾವಾ (1996) ಇದಕ್ಕೆ ಅವಕಾಶ ಕೊಡಲಿಲ್ಲ. ತಿದ್ದಲೇಬೇಕಾದವರಿಗೆ ಸ್ಟ್ರಿಂಗ್‌ಬಫರ್ ಇತ್ತು. 2004ರಲ್ಲಿ ಸ್ಟ್ರಿಂಗ್‌ಬಿಲ್ಡರ್ ಬಂತು.

ಈ ಕಟ್ಟುನಿಟ್ಟಿಗೆ ಭದ್ರತೆ ಒಂದು ಮುಖ್ಯ ಕಾರಣ. ಫೈಲಿನ ಹೆಸರನ್ನು ಪರೀಕ್ಷಿಸಿ ಒಪ್ಪಿದ ಮೇಲೆ, ಫೈಲು ತೆರೆಯುವಷ್ಟರಲ್ಲಿ ಇನ್ನೊಂದು ಥ್ರೆಡ್ ಆ ಹೆಸರನ್ನೇ ಬದಲಿಸಿದರೆ ಪರೀಕ್ಷೆಗೆ ಅರ್ಥವಿಲ್ಲ. ಜೊತೆಗೆ, ಬದಲಾಗದ ಸ್ಟ್ರಿಂಗನ್ನು ನಿಶ್ಚಿಂತೆಯಿಂದ ಹಂಚಿಕೊಳ್ಳಬಹುದು: ಪ್ರೋಗ್ರಾಂನಲ್ಲಿ ಒಂದೇ ಪದವನ್ನು ಹತ್ತು ಕಡೆ ಬರೆದರೂ ಮೆಮೊರಿಯಲ್ಲಿರುವುದು ಒಂದೇ ಪ್ರತಿ.

ಪ್ರೋಗ್ರಾಂ ತನ್ನನ್ನು ತಾನೇ ಪರಿಶೀಲಿಸಿಕೊಳ್ಳುವ ರಿಫ್ಲೆಕ್ಷನ್‌ಗೆ ಸ್ಪಷ್ಟ ರೂಪ ಕೊಟ್ಟವರು ಬ್ರಯಾನ್ ಕ್ಯಾಂಟ್‌ವೆಲ್ ಸ್ಮಿತ್, 1982ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ. ಜಾವಾಕ್ಕೆ ಅದು 1997ರಲ್ಲಿ, 1.1ನೇ ಆವೃತ್ತಿಯೊಂದಿಗೆ ಬಂತು. ಮರುವರ್ಷದ 1.2ರಲ್ಲಿ ಸೇರಿದ ‘ಸೆಟ್‌ಆಕ್ಸೆಸಿಬಲ್’ ಮೆಥಡ್ ಪ್ರೈವೇಟ್ ಫೀಲ್ಡುಗಳನ್ನೂ ಹೊರಗಿನವರಿಗೆ ತೆರೆದುಕೊಟ್ಟಿತು. ಸೆಕ್ಯೂರಿಟಿ ಮ್ಯಾನೇಜರ್ ಕಾವಲಿದ್ದ ಆಪ್ಲೆಟ್‌ಗಳಿಗೆ ಮಾತ್ರ ಇದು ಎಟುಕುತ್ತಿರಲಿಲ್ಲ.

ಪರಿಣಾಮ ಗಂಭೀರ. ಜಾವಾ 8ರಲ್ಲಿ ‘ಮರ’ ಎಂಬ ಸ್ಟ್ರಿಂಗ್‌ನ ‘ವ್ಯಾಲ್ಯೂ’ ಫೀಲ್ಡನ್ನು ಹೀಗೆ ತೆರೆದು, ಒಳಗಿನ ಅರೇಯ ಮೊದಲ ಅಕ್ಷರವನ್ನು ‘ಬ’ ಮಾಡಿದರೆ, ಆ ಪ್ರೋಗ್ರಾಂನಲ್ಲಿ ‘ಮರ’ ಎಂದು ಬರೆದ ಕಡೆಯೆಲ್ಲ ‘ಬರ’ ಎಂದೇ ಅಚ್ಚಾಗುತ್ತದೆ. ಆ ಸ್ಟ್ರಿಂಗ್ ಅದಕ್ಕೂ ಮೊದಲು ಹ್ಯಾಶ್‌ಮ್ಯಾಪ್‌ನಲ್ಲಿ ಕೀ ಆಗಿ ಕುಳಿತಿದ್ದರೆ ಇನ್ನೂ ಕಷ್ಟ. ಅದರ ಹ್ಯಾಶ್ ‘ಮರ’ದ್ದು, ಅಕ್ಷರಗಳು ‘ಬರ’ದ್ದು, ಬಳಕೆದಾರರು ಹೊಸದಾಗಿ ಟೈಪಿಸಿದ ಎರಡರಲ್ಲಿ ಯಾವ ಪದಕ್ಕೂ ಅದು ಸಿಗುವುದಿಲ್ಲ. ಇಂಥ ದೋಷ ಎಲ್ಲಿ ಹುಟ್ಟಿತೆಂದು ಪತ್ತೆಹಚ್ಚುವುದು ಬಹಳ ಕಠಿಣ.

ಹಾಗೆಂದು ರಿಫ್ಲೆಕ್ಷನ್ನೇ ತಪ್ಪೆನ್ನಲಾಗದು. ಸ್ಪ್ರಿಂಗ್, ಹೈಬರ್ನೇಟ್‌ನಂಥ ಫ್ರೇಮ್‌ವರ್ಕುಗಳು ನಿಂತಿರುವುದೇ ಅದರ ಮೇಲೆ. ಆದ್ದರಿಂದಲೇ ಬಾಗಿಲನ್ನು ಒಮ್ಮೆಲೇ ಮುಚ್ಚಲಾಗಲಿಲ್ಲ. 2017ರ ಜಾವಾ 9 ಮಾಡ್ಯೂಲ್ ವ್ಯವಸ್ಥೆ ತಂದು ಮೊದಲು ಎಚ್ಚರಿಕೆಯನ್ನಷ್ಟೇ ಕೊಟ್ಟಿತು. ಅದೇ ಆವೃತ್ತಿಯಲ್ಲಿ ಸ್ಟ್ರಿಂಗ್‌ನ ಒಳಗಿನ ಅರೇ ಬೈಟ್‌ಗಳದ್ದಾಯಿತು. ಲ್ಯಾಟಿನ್-1 ಅಕ್ಷರಗಳಷ್ಟೇ ಇರುವ ಪಠ್ಯಕ್ಕೆ ಅಕ್ಷರಕ್ಕೊಂದು ಬೈಟ್ ಸಾಕಾದರೆ, ಕನ್ನಡಕ್ಕೆ ಹಿಂದಿನಂತೆಯೇ ಎರಡೆರಡು. 2021ರ ಮಾರ್ಚ್‌ನಲ್ಲಿ ಬಂದ ಜಾವಾ 16 ಒಳಗಿನ ಫೀಲ್ಡುಗಳಿಗೆ ತಾನಾಗಿಯೇ ತಡೆಯೊಡ್ಡಿತು. ಆ ತಡೆಯನ್ನು ಒಟ್ಟಾಗಿ ಸಡಿಲಿಸುವ ಆಯ್ಕೆಯನ್ನು ಸೆಪ್ಟೆಂಬರ್‌ನ ಜಾವಾ 17 ಕಿತ್ತುಹಾಕಿತು. ಈಗ ಪ್ರೋಗ್ರಾಂ ನಡೆಸುವವರು ‘ಆ್ಯಡ್-ಓಪನ್ಸ್’ ಸೂಚನೆ ಕೊಟ್ಟು, ಇಂಥದೇ ಪ್ಯಾಕೇಜ್ ಎಂದು ಹೆಸರಿಸಿ ತೆರೆಯಬೇಕು.