ಪಾತ್ರೆಯ ಮೇಲಿನ ಹೆಸರು

ಹಳೆಯದಾಯಿತೆಂದು ಅಟ್ಟ ಸೇರಿದ ವಸ್ತು, ಹಳೆಯದೆಂಬ ಕಾರಣಕ್ಕಾಗಿಯೇ ಮತ್ತೊಂದು ಕಾಲದಲ್ಲಿ ನಡುಮನೆಗೆ ಬರುವುದುಂಟು. ಬೆಂಗಳೂರಿನಲ್ಲಿ ಈಗ ನಡೆದಿರುವುದು ಅದೇ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಭಾನುವಾರ ನೆರೆಯುವ ಹಳೆಯ ಸಾಮಾನಿನ ಸಂತೆಯಲ್ಲಿ, ಗಾಜಿನ ಬಾಗಿಲುಗಳ ದುಬಾರಿ ಮಳಿಗೆಗಳಲ್ಲಿ ಜನ ಏನನ್ನು ಕೊಳ್ಳುತ್ತಿದ್ದಾರೆಂಬುದನ್ನು ನೋಡಬೇಕು. ಕೆತ್ತನೆಯ ಬಾಗಿಲು, ತೊಟ್ಟಿಮನೆಯ ಕಂಬ, ಹಿತ್ತಾಳೆಯ ಪಾವು, ತಾಮ್ರದ ಹಂಡೆ, ಬೆತ್ತ ಹೆಣೆದ ಒರಗುಕುರ್ಚಿ, ಮಗ್ಗದ ಲಾಳಿ. ಹೊಸ ಮನೆಯಲ್ಲಿ ಪಾವಿನೊಳಗೆ ಪೆನ್ನುಗಳು ನಿಲ್ಲುತ್ತವೆ, ಹಂಡೆಯೊಳಗೆ ಗಿಡ ಬೆಳೆಯುತ್ತದೆ, ಬಾಗಿಲಿನ ಮೇಲೆ ಗಾಜು ಹೊದಿಸಿದರೆ ಅದು ಊಟದ ಮೇಜಾಗುತ್ತದೆ. ಇದನ್ನು ಕಂಡು ನಗುವುದು ಸುಲಭ. ಆದರೆ ಈ ಸಾಮಾನೆಲ್ಲ ಯಾರ ಮನೆಯಿಂದ, ಯಾಕೆ ಹೊರಟು ಇಲ್ಲಿಗೆ ಬಂತು ಎಂದು ಕೇಳಿದರೆ, ಉತ್ತರದಲ್ಲಿ ಒಂದು ಸೀಮೆಯ ಚರಿತ್ರೆಯೇ ಇದೆ.

ಅಂಗಡಿಯಲ್ಲಿ ಒಟ್ಟಿಗೆ ಪೇರಿಸಿಟ್ಟಿದ್ದರೂ ಈ ವಸ್ತುಗಳು ಎರಡು ಬೇರೆ ಲೋಕಗಳಿಗೆ ಸೇರಿದವು. ಅದಕ್ಕೆ ಶಬ್ದಗಳೇ ಸಾಕ್ಷಿ. ಮಣೆ, ಚಾಪೆ, ಒರಳು, ಒನಕೆ, ತೊಟ್ಟಿಲು ನಮ್ಮ ಮನೆಮಾತಿನವು. ಕುರ್ಚಿ ಅರಬ್ಬಿಯಿಂದ ಹೊರಟು ಪಾರಸಿ, ಹಿಂದೂಸ್ಥಾನಿಗಳ ಮೂಲಕ ಬಂದದ್ದು. ಅಲಮಾರು ಪೋರ್ಚುಗೀಸರಿಂದ ಬಂದದ್ದು. ಬೀರು ಎಂಬುದು ಬ್ಯೂರೋ ಎಂಬ ಫ್ರೆಂಚ್ ಮೂಲದ ಶಬ್ದ ನಮ್ಮ ಬಾಯಲ್ಲಿ ತಳೆದ ರೂಪ. ಮಣೆಯ ಮೇಲೆ ಕುಳಿತು ಉಂಡು, ಜಗಲಿಯ ಮೇಲೆ ಕುಳಿತು ಮಾತಾಡುತ್ತಿದ್ದ ಮನೆಗೆ ಮೇಜು ಕುರ್ಚಿಗಳು ತಡವಾಗಿಯೇ ಬಂದುವು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು; ಅದರ ಹಿಂದೆಯೇ ಬಂಗಲೆಗಳೆದ್ದುವು, ಬಂಗಲೆಗಳಿಗೆ ತೇಗ ಬೀಟೆಗಳ ಪೀಠೋಪಕರಣಗಳು ಬಂದುವು. ಅಧಿಕಾರಿಗೆ ವರ್ಗವಾದಾಗ ಅವು ಹರಾಜಾಗುತ್ತಿದ್ದುವು. 1947ರ ಅನಂತರ ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೊರಟುನಿಂತ ಆಂಗ್ಲೋ-ಇಂಡಿಯನ್ ಕುಟುಂಬಗಳೂ ಹೀಗೆಯೇ ಸಾಮಾನು ಮಾರಿದುವು. ಆದ್ದರಿಂದ ಹಳೆಯ ಕುರ್ಚಿಯ ವ್ಯಾಪಾರ ಈ ನಗರಕ್ಕೆ ಹೊಸದಲ್ಲ.

ಹೊಸದೆಂದರೆ ಪಾವು, ಹಂಡೆ, ಕಂಬಗಳ ವ್ಯಾಪಾರ. ಇವು ಬಂಗಲೆಗಳಿಂದ ಬಂದವಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಂಥ ಸೀಮೆಗಳ ಒಕ್ಕಲು ಮನೆಗಳಿಂದ, ನೇಕಾರರ ಕೇರಿಗಳಿಂದ ಬಂದವು. ಒಂದೊಂದೂ ತನ್ನ ಕೆಲಸ ಮುಗಿದಾಗ ಮನೆ ಬಿಟ್ಟಿದೆ. ಮೊದಲು ಕೆಲಸ ಕಳೆದುಕೊಂಡದ್ದು ಅಳತೆಯ ಸಾಮಾನು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಇಲ್ಲಿ ಬಹಳ ಹಳೆಯದು. ಎಷ್ಟು ಬೀಜ ಬಿತ್ತಬಹುದೆಂಬುದರ ಮೇಲೆ ಗದ್ದೆಯನ್ನೇ ಖಂಡುಗ, ಕೊಳಗಗಳಲ್ಲಿ ಹೇಳುವ ರೂಢಿ ಶಾಸನಗಳಲ್ಲಿಯೂ ಕಾಣುತ್ತದೆ. 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ದೇಶದಲ್ಲಿ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂತು. ಅಂಗಡಿಯಲ್ಲಿ ಸೇರು ಕಾಯಿದೆಗೆ ಹೊರಗಾಯಿತು. ಮನೆಯಲ್ಲಿ ಅಕ್ಕಿ ಅಳೆಯಲು ಇನ್ನಷ್ಟು ಕಾಲ ಉಳಿದು, ಕೊನೆಗೆ ಅಟ್ಟ ಸೇರಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಿಲಿಗೆ ಹೋಯಿತು. ಸ್ಟೀಲು ಪಾತ್ರೆ, ಅಡಿಗೆ ಅನಿಲಗಳು ಬಂದು ಹಿತ್ತಾಳೆಗೆ ಕಲಾಯಿ ಹಾಕಿಸುವ ತಾಪತ್ರಯ ತಪ್ಪಿತು. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು ಹೆಚ್ಚಿದಂತೆ ಕೈಮಗ್ಗದ ಕುಣಿಗಳು ಮುಚ್ಚಿ, ಲಾಳಿಗಳು ಮೂಲೆಗೆ ಬಿದ್ದುವು.

ಅನಂತರ ಮನೆಯ ಸರದಿ. ತೊಟ್ಟಿಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದು ಕಷ್ಟ. ನಡುವಣ ತೊಟ್ಟಿಗೆ ಗೋಡೆ ಹಾಕಿದರೆ ಬೆಳಕೇ ಹೋಯಿತು. 2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸುತ್ತಿನ ನೆಲದ ಬೆಲೆ ಏರಿತು. ಮನೆಗಿಂತ ಮನೆಯಡಿಯ ಜಾಗವೇ ಹೆಚ್ಚು ಬೆಲೆಯದಾದಾಗ ಕಂಬ ಬೋದಿಗೆಗಳನ್ನು ಲಾರಿಗೆ ತುಂಬುವುದು ತಡವಾಗಲಿಲ್ಲ. ಇದಕ್ಕಾಗಿ ಊರಿನವರನ್ನು ದೂರಬೇಕಾಗಿಲ್ಲ. ಹೊಗೆ ಕವಿದ ಅಡಿಗೆಮನೆಯಲ್ಲಿ ಬದುಕು ಸವೆಸಿದ ಹೆಂಗಸು ಹಂಡೆ ಮಾರಿ ನಿಟ್ಟುಸಿರು ಬಿಟ್ಟಿದ್ದರೆ ಅದು ಬಿಡುಗಡೆಯ ನಿಟ್ಟುಸಿರೇ ಇರಬಹುದು. ಕೊಳ್ಳುವವರನ್ನೂ ದೂರಬೇಕಾಗಿಲ್ಲ. ಅವರಿಲ್ಲದಿದ್ದರೆ ಆ ತಾಮ್ರ ತೂಕಕ್ಕೆ ಬಿದ್ದು ಕುಲುಮೆಯಲ್ಲಿ ಕರಗುತ್ತಿತ್ತು.

ಹಾಗಾದರೆ ನಷ್ಟವಾಗುತ್ತಿರುವುದು ಏನು? ಹಳೆಯ ಹಿತ್ತಾಳೆಯ ಪಾತ್ರೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಕಂಠದ ಬಳಿ ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆದ ಅಕ್ಷರಗಳು ಎಷ್ಟೋ ವೇಳೆ ಕಾಣುತ್ತವೆ. ಕೊಟ್ಟವರ ಹೆಸರು ಅಥವಾ ಪಡೆದವರ ಹೆಸರು, ಕೆಲವೊಮ್ಮೆ ಊರು, ಕೆಲವೊಮ್ಮೆ ಮದುವೆಯ ತಾರೀಖು. ಬಳುವಳಿಯಾಗಿ, ಮುಯ್ಯಿಯಾಗಿ ಬಂದ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಇದು ಕೂಡ ಶಾಸನವೇ. ದಾನಿ ಯಾರು, ದಾನ ಪಡೆದವರು ಯಾರು, ಯಾವ ಸಂದರ್ಭ, ಯಾವ ಕಾಲ ಎಂಬ ಶಾಸನದ ಅಂಗಗಳೆಲ್ಲ ಇದರಲ್ಲಿವೆ. ಬಿ. ಎಲ್. ರೈಸ್ ಅವರು ಈ ತಾಲ್ಲೂಕುಗಳ ಕಲ್ಲು, ತಾಮ್ರಪಟಗಳನ್ನು ಓದಿಸಿ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವನ್ನು ಹೊರತಂದರು. ಅದರಲ್ಲಿ ಅರಸರಿದ್ದಾರೆ, ಗೌಡರಿದ್ದಾರೆ, ವೀರರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಒಕ್ಕಲಗಿತ್ತಿಯ ಹೆಸರು ಅಕ್ಷರದಲ್ಲಿ ಮೂಡಿದ್ದರೆ, ಬಹುಶಃ ಅದು ಅವಳ ತವರಿನ ಬಿಂದಿಗೆಯ ಮೇಲೆ ಮಾತ್ರ. ಐವತ್ತು ವರ್ಷ ಹುಣಿಸೆಹಣ್ಣು ಹಾಕಿ ತಿಕ್ಕಿದರೂ ಅಳಿಯದ ಆ ಹೆಸರನ್ನು ಅಂಗಡಿಯ ಮೆರುಗಿನ ಯಂತ್ರ ಒಂದು ನಿಮಿಷದಲ್ಲಿ ಅಳಿಸುತ್ತದೆ. ಕೊಳ್ಳುವವರಿಗೆ ಹೊಳಪು ಬೇಕು; ಪರರ ಹೆಸರು ಬೇಡ.

ವಸ್ತುವನ್ನು ಅದರ ಊರು, ಹೆಸರು, ಬಳಕೆಗಳೊಡನೆ ಉಳಿಸಿದವರೂ ನಮ್ಮಲ್ಲಿದ್ದಾರೆ. ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಲ್ಲಿ ತೆರೆದಾಗ ರಾಮನಗರ ಇದೇ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಅದು ಬೇರೆ ಜಿಲ್ಲೆಯಾಯಿತು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡಿಗೆಮನೆಯ ಸಾಮಾನು ಅಡಿಗೆಮನೆಯ ಸಾಮಾನಾಗಿಯೇ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇನ್ನೂ ಮುಂದೆ ಹೋಗಿ, ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಇಂಥ ಕೆಲಸ ಎಲ್ಲರಿಂದಲೂ ಆಗುವಂಥದಲ್ಲ. ಆದರೆ ಒಂದು ಹಂಡೆಯನ್ನು ಕೊಳ್ಳುವವರು ಒಂದು ಹಂಡೆಯ ಮಟ್ಟಿಗೆ ಮಾಡಬಹುದಾದುದು ಇದೆ.

ಅಂಗಡಿಯವನನ್ನು ಬೆಲೆಗಿಂತ ಮೊದಲು ಊರು ಕೇಳಬೇಕು. ಬಹಳ ಸಲ ಅವನಿಗೆ ಗೊತ್ತಿರುತ್ತದೆ, ಕೇಳುವವರಿಲ್ಲದೆ ಹೇಳಿರುವುದಿಲ್ಲ. ಊರು ಹೇಳಲಾಗದ ದೇವರ ವಿಗ್ರಹವನ್ನಂತೂ ಕೊಳ್ಳಲೇಬಾರದು. ನೂರು ವರ್ಷ ದಾಟಿದ ವಿಗ್ರಹಾದಿಗಳನ್ನು ನೋಂದಾಯಿಸಬೇಕೆಂದೂ, ಖಾಸಗಿಯವರು ಹೊರದೇಶಕ್ಕೆ ಸಾಗಿಸಕೂಡದೆಂದೂ 1972ರ ಪ್ರಾಚ್ಯವಸ್ತು ಕಾಯಿದೆ ಹೇಳುತ್ತದೆ. ಪಾತ್ರೆಯ ಮೇಲೆ ಹೆಸರಿದ್ದರೆ ಯಂತ್ರಕ್ಕೆ ಕೊಡದೆ ಹುಣಿಸೆಹಣ್ಣಿನಿಂದಲೇ ಬೆಳಗಬೇಕು. ಮನೆಗೆ ತಂದ ದಿನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆದು ವಸ್ತುವಿನೊಡನೆ ಇಡಬೇಕು: ಇದರ ಹೆಸರೇನು, ಇದರಿಂದ ಏನು ಮಾಡುತ್ತಿದ್ದರು, ಯಾವ ಊರಿನದು, ಮೇಲೆ ಏನು ಬರೆದಿದೆ. ಪಾವಿನಲ್ಲಿ ಪೆನ್ನು ಇಟ್ಟರೆ ಇಡಲಿ. ಮನೆಯ ಮಗು ಅದನ್ನು ಪಾವು ಎಂದು ಕರೆದು, ನಾಲ್ಕು ಸೇರಿದರೆ ಒಂದು ಸೇರು ಎಂದು ಹೇಳಬಲ್ಲುದಾದರೆ, ಕೊಟ್ಟ ಹಣಕ್ಕೆ ಬೆಲೆ ಬಂದಂತೆ.