ಓದಿಸಿಕೊಂಡ ಪತ್ರದಿಂದ ವಿಡಿಯೋ ಕರೆಗೆ

ದಿವಾ ಜಂಕ್ಷನ್ನಿನಲ್ಲಿ ನಿಂತು ನೋಡಿ. ಮುಂಬೈಯಿಂದ ಮಂಗಳೂರಿಗೆ ಹೋಗುವ ರೈಲುಗಳು ಇಲ್ಲೇ ಪನ್ವೇಲ್ ಕಡೆ ಹೊರಳುತ್ತವೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗುವ ಮೊದಲು ಕರಾವಳಿಗೆ ಹೋಗಿಬರುವುದು ಇಷ್ಟು ಸುಲಭವಿರಲಿಲ್ಲ. ಊರಿಗೂ ಮಗನಿಗೂ ನಡುವೆ ಇದ್ದದ್ದು ಇನ್‌ಲ್ಯಾಂಡ್ ಪತ್ರ.

ಬ್ಯಾರಿ ಮನೆಗಳಲ್ಲಿ ಅದಕ್ಕೊಂದು ತೊಡಕಿತ್ತು. ಮನೆಮಾತು ಬ್ಯಾರಿ, ಶಾಲೆ ಕಲಿತವರು ಬರೆಯುತ್ತಿದ್ದದ್ದು ಕನ್ನಡ. ಅಕ್ಷರ ಬಾರದ ಉಮ್ಮ ಮಗನ ಪತ್ರವನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಬೇಕು, ಉತ್ತರವನ್ನೂ ಅವನ ಕೈಯಲ್ಲೇ ಬರೆಸಬೇಕು. ಮೂರನೆಯವರ ಮುಂದೆ ಯಾವ ತಾಯಿ ತನ್ನ ಸಂಕಟ ಹೇಳಿಯಾಳು? "ನಾವೆಲ್ಲ ಕ್ಷೇಮ" ಎಂದು ಮುಗಿಸಿಬಿಡುತ್ತಿದ್ದಳು. ಎಸ್‌ಟಿಡಿ ಬೂತ್ ಬಂದಾಗ ದನಿ ಸಿಕ್ಕಿತು, ಆದರೆ ಮೀಟರ್ ಓಡುತ್ತಿತ್ತು.

2016ರಲ್ಲಿ ಜಿಯೋ ಬಂದು ಡಾಟಾ ಅಗ್ಗವಾಯಿತು, ಅದೇ ವರ್ಷ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಕರೆಯೂ ಬಂತು. ದಿವಾದ ಕೋಣೆಯಲ್ಲಿ ಮಗ, ಊರಿನ ಜಗಲಿಯಲ್ಲಿ ಉಮ್ಮ, ಮಾತು ಬ್ಯಾರಿಯಲ್ಲೇ. ಓದಿಕೊಡುವವರು ಬೇಕಿಲ್ಲ. ಮಗ ಸೊರಗಿದ್ದಾನೋ ಇಲ್ಲವೋ ಅವಳೇ ನೋಡುತ್ತಾಳೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಪತ್ರಗಳಿದ್ದರೆ ಎಸೆಯಬೇಡಿ. ಮುಂದಿನ ಸಲ ಕರೆ ಮಾಡಿದಾಗ ಉಮ್ಮನನ್ನೇ ಕೇಳಿ, ಆಗ ಬರೆಸಲಾಗದೆ ಉಳಿದದ್ದು ಏನೆಂದು. ನಮ್ಮ ಹೆಂಗಸರ ಚರಿತ್ರೆ ಆ ಉತ್ತರದಲ್ಲಿದೆ.