ಹಂಗು ಹರಿಯುವ ಯಂತ್ರಗಳು

ಮುಂದೆ ಬರಲಿರುವ ಯಂತ್ರಗಳು ಮನುಷ್ಯ ಮನುಷ್ಯರ ನಡುವಣ ಸಂಬಂಧವನ್ನು ಏನು ಮಾಡಿಯಾವು ಎಂಬ ಪ್ರಶ್ನೆ ಇಂದು ಎಲ್ಲರನ್ನೂ ಕಾಡುತ್ತಿದೆ. ಬರಲಿರುವುದನ್ನು ಹೇಳುವುದು ಜ್ಯೋತಿಷಿಯ ಕೆಲಸ. ಇತಿಹಾಸದ ವಿದ್ಯಾರ್ಥಿಗೆ ಆ ಸೌಭಾಗ್ಯವಿಲ್ಲ. ಆದರೆ ಈ ಹಿಂದೆ ಬಂದ ಯಂತ್ರಗಳು ನಮ್ಮ ಬಾಳಿನಲ್ಲಿ ಏನನ್ನು ತಂದವು, ಏನನ್ನು ಒಯ್ದವು ಎಂದು ಅವನು ಲೆಕ್ಕ ಹಾಕಿ ನೋಡಬಹುದು. ಅಂಥ ಲೆಕ್ಕಕ್ಕೆ ದೂರದ ದೇಶಗಳಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಯ ಮಗ್ಗುಲಲ್ಲಿರುವ ಶೆಟ್ಟಿಹಳ್ಳಿಯಲ್ಲಿ ನಿಂತು ಸುತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಶೆಟ್ಟಿಹಳ್ಳಿ ಎಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಹಲವಾರಿವೆ. ಆದರೆ ನೀರು, ಗಡಿಯಾರ, ಬಾನುಲಿ ಈ ಮೂರರ ಆಧುನಿಕ ಚರಿತ್ರೆಯನ್ನೂ ಕೆಲವೇ ಮೈಲಿಗಳ ಸುತ್ತಳತೆಯಲ್ಲಿ ಕಂಡ ಶೆಟ್ಟಿಹಳ್ಳಿ ಇದು.

ಮೊದಲು ನೀರಿನ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬೆಂಗಳೂರು ಬದುಕಿದ್ದು ಕೆರೆ, ಬಾವಿ, ಕಲ್ಯಾಣಿಗಳ ಮೇಲೆ. 1876ರಿಂದ 78ರವರೆಗಿನ ಘೋರ ಕ್ಷಾಮವನ್ನು ಕಂಡ ಸಂಸ್ಥಾನಕ್ಕೆ ನೀರಿನ ಚಿಂತೆ ತಪ್ಪಿದ್ದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿ ಹೊಳೆಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ನೀರನ್ನು ಸಂಗ್ರಹಿಸಿ ನಗರಕ್ಕೆ ತರುವ ಯೋಜನೆ ಕೈಗೂಡಿತು. ಚಾಮರಾಜೇಂದ್ರರ ಹೆಸರನ್ನು ಹೊತ್ತ ಆ ಯೋಜನೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಉಗಿಯಂತ್ರದ ಬಲದಿಂದ ಮೇಲೇರಿ, 1896ರಲ್ಲಿ ಪಟ್ಟಣವನ್ನು ಸೇರಿತು. ಸೋಲದೇವನಹಳ್ಳಿ, ಶೆಟ್ಟಿಹಳ್ಳಿಗಳ ನಡುವೆ ಹೆಚ್ಚು ದೂರವಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿಯ ನೀರು ಇದಕ್ಕೆ ಸೇರಿಕೊಂಡವು. ನೀರು ಮೊದಲು ಬೀದಿಯ ನಲ್ಲಿಗೆ, ಆಮೇಲೆ ಮನೆಯಂಗಳಕ್ಕೆ, ಕಡೆಗೆ ಅಡುಗೆಮನೆಗೇ ಬಂದಿತು.

ಬಾವಿಕಟ್ಟೆ ಹೋಯಿತು, ಅದರೊಡನೆ ಊರಿನ ಹೆಂಗಸರು ಒಂದೆಡೆ ಸೇರಿ ಸುಖದುಃಖ ಹೇಳಿಕೊಳ್ಳುತ್ತಿದ್ದ ಜಾಗವೂ ಹೋಯಿತು ಎಂದು ಮರುಗುವುದು ನಮ್ಮ ಸಾಹಿತ್ಯದಲ್ಲಿ ರೂಢಿಯಾಗಿದೆ. ಆ ಮರುಕ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಬಾವಿಯ ಸುತ್ತ ಕೂಡುವವರಿದ್ದಂತೆ ಬಾವಿಯಿಂದ ದೂರ ನಿಲ್ಲಬೇಕಾದವರೂ ಇದ್ದರು. ಇನ್ನೊಬ್ಬರು ಮೇಲಿನಿಂದ ಸುರಿದ ನೀರಿಗೆ ಕೊಡವೊಡ್ಡಿ ಕಾಯುತ್ತಿದ್ದವರಿಗೆ ಬಾವಿಕಟ್ಟೆ ಸಂಬಂಧದ ತಾಣವಾಗಿರಲಿಲ್ಲ, ಅವಮಾನದ ತಾಣವಾಗಿತ್ತು. 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರು ಮಹಾಡಿನ ಚೌದಾರ್ ಕೆರೆಯ ನೀರನ್ನು ಮುಟ್ಟಿದಾಗ ಅವರು ಎತ್ತಿದ್ದು ಕೇವಲ ನೀರಿನ ಪ್ರಶ್ನೆಯನ್ನಲ್ಲ, ಮನುಷ್ಯಸಂಬಂಧದ ಪ್ರಶ್ನೆಯನ್ನೇ. ನಲ್ಲಿ ಮನೆಮನೆಗೆ ಬಂದ ಮೇಲೆ ಎಷ್ಟೋ ಜನಕ್ಕೆ ಆ ದಿನನಿತ್ಯದ ಅವಮಾನ ತಪ್ಪಿತು. ಆದರೆ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ನಲ್ಲಿ ಆ ಜಗಳವನ್ನು ಬಗೆಹರಿಸಲಿಲ್ಲ. ಜಗಳ ಬಗೆಹರಿಯಬೇಕಾಗಿದ್ದ ಸ್ಥಳವನ್ನೇ ಇಲ್ಲವಾಗಿಸಿತು. ಒಂದೇ ಬಾವಿಯ ನೀರನ್ನು ಸಮಾನರಾಗಿ ಸೇದುವುದನ್ನು ಕಲಿಯುವ ಮೊದಲೇ ನಾವು ಬಾವಿಯ ಬಳಿಗೆ ಹೋಗುವುದನ್ನು ಬಿಟ್ಟೆವು. ಕಲಿಯದೆ ಉಳಿದ ಪಾಠ ಇನ್ನೊಂದು ರೂಪದಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲೊ ಮದುವೆಯ ಮಾತುಕತೆಯಲ್ಲೊ, ಮತ್ತೆ ಎದುರಾಗುತ್ತಲೇ ಇದೆ.

ಕನ್ನಡದಲ್ಲಿ 'ಹಂಗು' ಎಂಬ ಒಂದು ಸೊಗಸಾದ ಮಾತಿದೆ. ಪರರ ಉಪಕಾರದಿಂದ ಬರುವ ಕಟ್ಟು, ಅದರಿಂದ ತಲೆಬಾಗಬೇಕಾದ ಸಂಕೋಚ, ಎರಡೂ ಆ ಎರಡಕ್ಷರದಲ್ಲಿ ಅಡಗಿವೆ. ಯಾರ ಹಂಗೂ ಇಲ್ಲದೆ ಬಾಳುವುದು ನಮ್ಮವರ ದೊಡ್ಡ ಆಸೆ. ಅದರ ಪಕ್ಕದಲ್ಲೇ 'ಋಣ' ಎಂಬ ಮತ್ತೊಂದು ಮಾತೂ ಇದೆ. ಹಂಗನ್ನು ಹರಿದುಕೊಳ್ಳಲು ಬಯಸುವವನೂ ಋಣವನ್ನು ನೆನೆಯುತ್ತಾನೆ, ತೀರಿಸಲು ಹಂಬಲಿಸುತ್ತಾನೆ. ಯಂತ್ರಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಹಂಗನ್ನು ಹರಿಯುವ ಚರಿತ್ರೆ. ಆದರೆ ಯಂತ್ರಕ್ಕೆ ಹಂಗು ಯಾವುದು, ಋಣ ಯಾವುದು ಎಂಬ ವಿವೇಚನೆಯಿಲ್ಲ. ಒಂದನ್ನು ಕತ್ತರಿಸುವಾಗ ಇನ್ನೊಂದನ್ನೂ ಕತ್ತರಿಸಿಬಿಡುತ್ತದೆ.

ಈ ಮಾತಿಗೆ ದೂರವಾಣಿಗಿಂತ ಒಳ್ಳೆಯ ನಿದರ್ಶನವಿಲ್ಲ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅದು ನೆಲೆಸಿದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೂ ಬಂದಿತು. ಆದರೂ ಬಹುಕಾಲ ದೂರವಾಣಿ ಸಾಮಾನ್ಯರ ಕೈಗೆಟುಕಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆ ದಿನಗಳ ಲಗ್ನಪತ್ರಿಕೆಗಳಲ್ಲಿ, ಅಂಗಡಿಯ ರಶೀದಿಗಳಲ್ಲಿ, ಒಂದು ಸಂಖ್ಯೆಯ ಮುಂದೆ 'ಪಿ.ಪಿ.' ಎಂಬ ಎರಡಕ್ಷರಗಳಿರುತ್ತಿದ್ದುದನ್ನು ಹಿರಿಯರು ಬಲ್ಲರು. ಅದು ನೆರೆಮನೆಯವರ ದೂರವಾಣಿ. ಕರೆದರೆ ಅವರು ಬಂದು ನಮ್ಮನ್ನು ಕೂಗುತ್ತಾರೆ ಎಂದು ಅದರ ಅರ್ಥ. ಹೆರಿಗೆಯ ಸುದ್ದಿಯಾಗಲಿ, ಸಾವಿನ ಸುದ್ದಿಯಾಗಲಿ, ಮಗನಿಗೆ ಕೆಲಸ ಸಿಕ್ಕಿದ ಸುದ್ದಿಯಾಗಲಿ, ಬರುತ್ತಿದ್ದುದು ಪಕ್ಕದ ಮನೆಯ ಹಜಾರದ ಮೂಲಕವೇ. ಗುಟ್ಟು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ರಾತ್ರಿ ಹೊತ್ತಿನಲ್ಲಿ ಕರೆ ಬಂದರೆ ಅವರಿಗೆ ಬೇಸರ, ಇವರಿಗೆ ಸಂಕೋಚ. ಆದರೆ ಕೆಟ್ಟ ಸುದ್ದಿ ಕೇಳಿ ಕುಸಿದವರನ್ನು ಹಿಡಿದುಕೊಳ್ಳಲು ಅಲ್ಲಿ ಒಬ್ಬರು ಇದ್ದೇ ಇರುತ್ತಿದ್ದರು.

ಈ ಕೊರತೆಯನ್ನು ನೀಗಿಸಿದ ಸಾಹಸದಲ್ಲಿ ಕರ್ನಾಟಕಕ್ಕೂ ಪಾಲಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ನಮ್ಮ ದೇಶದ ಸೆಕೆಗೂ ಧೂಳಿಗೂ ಹೊಂದುವಂಥ, ಹವಾನಿಯಂತ್ರಣ ಬೇಡದ ಪುಟ್ಟ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದನ್ನು 1986ರಲ್ಲಿ ಪ್ರಯೋಗಕ್ಕೆ ಇಟ್ಟದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಬಳಿಕ ಬೀದಿಬೀದಿಗೆ ಹಳದಿ ಫಲಕದ ಎಸ್.ಟಿ.ಡಿ. ಅಂಗಡಿಗಳು ಬಂದವು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಿತು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಅದಿದೆ. 2013ರ ಜುಲೈಯಲ್ಲಿ ತಂತಿ ಸೇವೆ ತನ್ನ ಕೊನೆಯ ಸಂದೇಶವನ್ನು ಕಳಿಸಿ ಬಾಗಿಲು ಮುಚ್ಚಿತು. ಅಮೆರಿಕದಲ್ಲಿರುವ ಮಗಳ ಮುಖವನ್ನು ತಾಯಿ ದಿನವೂ ನೋಡುವಂತಾಯಿತು. 2020ರ ಸಾಂಕ್ರಾಮಿಕದ ತಿಂಗಳುಗಳಲ್ಲಿ ಹೆತ್ತವರ ಅಂತ್ಯಕ್ರಿಯೆಯನ್ನು ಅಂಗೈಯಗಲದ ಪರದೆಯ ಮೇಲೆ ನೋಡಬೇಕಾಗಿ ಬಂದವರಿಗೆ ಆ ಯಂತ್ರವೂ ಇಲ್ಲದಿದ್ದರೆ ಏನೂ ಇರುತ್ತಿರಲಿಲ್ಲ. ಯಂತ್ರವನ್ನು ಹಳಿಯುವವರು ಇದನ್ನು ಮರೆಯಬಾರದು. ಆದರೆ ದೂರದವರು ಹತ್ತಿರವಾದ ಅದೇ ಕಾಲದಲ್ಲಿ, ಪಕ್ಕದ ಮನೆಯಲ್ಲಿ ಯಾರು ಸತ್ತರು, ಯಾರು ಹುಟ್ಟಿದರು ಎಂಬುದು ನಮಗೆ ತಿಳಿಯದಂತಾಯಿತು. ಪಿ.ಪಿ. ಎಂಬ ಹಂಗು ಹರಿಯಿತು. ನೆರೆಯ ಋಣವೂ ಅದರೊಡನೆ ಹೋಯಿತು.

ಇನ್ನು ಬಾನುಲಿಯ ಕಥೆ ಬೇರೊಂದು ಬಗೆಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪುಟ್ಟ ಪ್ರೇಷಕವೊಂದರ ನೆರವಿನಿಂದ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂದು ಮುಂದೆ ಇಡೀ ದೇಶದ ಬಾನುಲಿಯೇ ಧರಿಸಿದ ಹೆಸರು ಮೊದಲು ಸಂದದ್ದು ಆ ಮನೆಯ ಕೇಂದ್ರಕ್ಕೆ. ಮನಸ್ಸಿನ ಅಧ್ಯಯನ ಮಾಡುವ ಮೇಷ್ಟರೊಬ್ಬರಿಗೆ ಬಾನುಲಿಯ ಹುಚ್ಚು ಹಿಡಿದದ್ದು ಅರ್ಥಪೂರ್ಣವೆಂದು ನನಗೆ ತೋರುತ್ತದೆ. ಅವರು ಯಂತ್ರವನ್ನು ಕಂಡದ್ದು ಒಂದು ಮನಸ್ಸಿನಿಂದ ಮತ್ತೊಂದು ಮನಸ್ಸಿಗೆ ಹೋಗುವ ದಾರಿಯಾಗಿ. 1955ರ ನವೆಂಬರಿನಲ್ಲಿ ಕೇಂದ್ರ ಬೆಂಗಳೂರಿಗೆ ಬಂದಿತು. ಅದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸ್ಥಾಪನೆಯಾಗಿತ್ತು. ಆಕಾಶವಾಣಿಗೆ ಬೇಕಾದ ಪ್ರೇಷಕಗಳನ್ನು ಅದು ತಯಾರಿಸಿ ಕೊಟ್ಟಿತು. ಅದರ ನೆರೆಯಲ್ಲೇ ಎಚ್.ಎಂ.ಟಿ. ಕಾರ್ಖಾನೆ 1961ರಿಂದ ಕೈಗಡಿಯಾರಗಳನ್ನು ತಯಾರಿಸತೊಡಗಿತು. ದೇಶದ ಧ್ವನಿಗೂ ದೇಶದ ಸಮಯಕ್ಕೂ ಶೆಟ್ಟಿಹಳ್ಳಿಯ ಸೀಮೆಯಲ್ಲೇ ಉಪಕರಣಗಳು ಸಿದ್ಧವಾದವು.

ಆರಂಭದ ದಿನಗಳಲ್ಲಿ ರೇಡಿಯೊ ಎಂದರೆ ಕೂಡಿ ಕೇಳುವ ವಸ್ತು. ಊರಿಗೊಂದೆರಡು ಪೆಟ್ಟಿಗೆ, ಪಾರ್ಕಿನಲ್ಲೊ ಪಂಚಾಯಿತಿ ಕಟ್ಟೆಯಲ್ಲೊ ಜನ ನೆರೆಯುತ್ತಿದ್ದರು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಣ ಹಳ್ಳಿಗಳಲ್ಲಿ ರೇಡಿಯೊ ಗ್ರಾಮೀಣ ವೇದಿಕೆ ಎಂಬ ಪ್ರಯೋಗ ನಡೆಯಿತು. ರೈತರು ಗುಂಪಾಗಿ ಕುಳಿತು ಕಾರ್ಯಕ್ರಮ ಕೇಳುವುದು, ಕೇಳಿದ ಮೇಲೆ ಪೆಟ್ಟಿಗೆಯನ್ನು ಆರಿಸಿ ತಮ್ಮತಮ್ಮಲ್ಲಿ ಚರ್ಚಿಸುವುದು, ಇದು ಅದರ ಕ್ರಮ. ಪೆಟ್ಟಿಗೆ ಸುಮ್ಮನಾದ ಮೇಲೆ ಆರಂಭವಾಗುವ ಮಾತೇ ಅಲ್ಲಿ ಮುಖ್ಯ ಎಂಬುದು ಆ ಯೋಜಕರಿಗೆ ಹೊಳೆದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲೂ ಹೀಗೆಯೇ. ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಬಂದಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಹಳ್ಳಿಗೊಂದು ಪೆಟ್ಟಿಗೆ, ಅದರ ಮುಂದೆ ನೆಲದ ಮೇಲೆ ಊರಿನ ಜನ. 1976ರ ಜುಲೈ ಮುಗಿದಾಗ ಉಪಗ್ರಹದ ಅವಧಿಯೂ ಮುಗಿದು ಪ್ರಸಾರ ನಿಂತಿತು. ಮತ್ತೆ ದೂರದರ್ಶನ ಬಂದಾಗ ಅದು ಊರಿಗೆ ಬರಲಿಲ್ಲ, ಮನೆಗೆ ಬಂದಿತು. ಅನಂತರ ಮನೆಯಿಂದ ಒಬ್ಬೊಬ್ಬರ ಅಂಗೈಗೆ ಬಂದಿತು. ಊರಿಗೊಂದು, ಮನೆಗೊಂದು, ಕೈಗೊಂದು ಎಂಬುದು ನಮ್ಮ ಕಾಲದ ಎಲ್ಲ ಯಂತ್ರಗಳ ನಡೆ. ಕೊರತೆ ಇದ್ದಷ್ಟು ಕಾಲ ಜನ ಕೂಡುತ್ತಾರೆ; ಸಮೃದ್ಧಿ ಬಂದೊಡನೆ ಚೆದರುತ್ತಾರೆ. ಹಾಗೆಂದು ಕೊರತೆಯನ್ನು ಬಯಸುವುದು ಹೊಟ್ಟೆ ತುಂಬಿದವರ ಮಾತಾದೀತು.

ಇಷ್ಟು ಹಿಂದಿನ ಲೆಕ್ಕ. ಇನ್ನು ಮುಂದಿನದು. ನಲ್ಲಿ, ದೂರವಾಣಿ, ಬಾನುಲಿ, ಈ ಯಂತ್ರಗಳಲ್ಲೆಲ್ಲ ಸಮಾನವಾದ ಒಂದು ಗುಣವಿತ್ತು. ಅವು ದಾರಿಯನ್ನು ಬದಲಾಯಿಸಿದವೇ ಹೊರತು ದಾರಿಯ ಕೊನೆಯಲ್ಲಿರುವ ಮನುಷ್ಯನನ್ನು ತೆಗೆದುಹಾಕಲಿಲ್ಲ. ತಂತಿಯ ಆಚೆ ತುದಿಯಲ್ಲಿ ಯಾರೋ ಒಬ್ಬರು ಇದ್ದೇ ಇದ್ದರು. 2022ರ ಕೊನೆಯಿಂದ ಲೋಕದಲ್ಲೆಲ್ಲ ಹಬ್ಬಿರುವ, ಮನುಷ್ಯನಂತೆಯೇ ಉತ್ತರ ಕೊಡುವ ಯಂತ್ರಗಳು ಈ ಸಾಲಿಗೆ ಸೇರಿದವಲ್ಲ. ಅವುಗಳ ಆಚೆ ತುದಿಯಲ್ಲಿ ನಮಗಾಗಿ ಕಾದವರು ಯಾರೂ ಇಲ್ಲ. ಇದೂ ಪೂರ್ತಿ ಹೊಸತೇನಲ್ಲ. 1966ರಲ್ಲಿ ಅಮೆರಿಕದ ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿ 'ಎಲಿಜಾ' ಎಂಬ ಗಣಕ ಕ್ರಮವಿಧಿಯನ್ನು ಪ್ರಕಟಿಸಿದರು. ನಾವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಜಾಣತನ. ಅದರ ಗುಟ್ಟನ್ನು ಬಲ್ಲ ಅವರ ಕಚೇರಿಯ ಕಾರ್ಯದರ್ಶಿಯೇ ಅದರೊಡನೆ ಸ್ವಲ್ಪ ಮಾತಾಡಿದ ಮೇಲೆ, ದಯವಿಟ್ಟು ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಕಂಗೆಟ್ಟ ವೈಜನ್‌ಬಾಮ್ ಮುಂದೆ ಇಂಥ ಯಂತ್ರಗಳ ಮಿತಿಯನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಯಂತ್ರ ಎಷ್ಟು ಜಾಣ ಎಂಬುದಕ್ಕಿಂತ, ಕೇಳಿಸಿಕೊಳ್ಳುವವರಿಗಾಗಿ ಮನುಷ್ಯ ಎಷ್ಟು ಹಸಿದಿದ್ದಾನೆ ಎಂಬುದನ್ನು ಆ ಘಟನೆ ತೋರಿಸಿಕೊಟ್ಟಿತು.

ಆ ಹಸಿವು ಇಂದು ಹೆಚ್ಚಾಗಿದೆಯೇ ಹೊರತು ತಗ್ಗಿಲ್ಲ. ಮಕ್ಕಳು ಪರದೇಶದಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧರನ್ನು ನೆನೆಯಿರಿ. ಆಮೇಲೆ ಒಬ್ಬರೇ ಉಳಿದವರನ್ನು ನೆನೆಯಿರಿ. ಬೇಸರಿಸದೆ, ಗಡಿಯಾರ ನೋಡದೆ, ಹೇಳಿದ್ದನ್ನೇ ನೂರು ಸಲ ಹೇಳಿದರೂ ಕೇಳುವ ಯಂತ್ರವೊಂದು ಅವರ ಕೋಣೆಗೆ ಬಂದರೆ ಬೇಡವೆನ್ನಲು ನಮಗೆ ಯಾವ ಅಧಿಕಾರವಿದೆ? ಅದು ಅವರಿಗೆ ಉಪಶಮನವಾದೀತು. ಆದರೆ ಅಪಾಯ ಇರುವುದು ಅವರಿಗಲ್ಲ, ನಮಗೆ. ಅವರನ್ನು ಕೇಳುವವರು ಒಬ್ಬರಿದ್ದಾರಲ್ಲ ಎಂಬ ನೆಮ್ಮದಿಯಲ್ಲಿ ನಾವು ಹೋಗಬೇಕಾದ ಭೇಟಿಗಳನ್ನು ಮುಂದೂಡುತ್ತೇವೆ. ಬಾವಿಕಟ್ಟೆಯ ಜಗಳದಂತೆ ಇದೂ ಬಗೆಹರಿಯದೆಯೇ ಮರೆಯಾಗುತ್ತದೆ. ಯಂತ್ರಕ್ಕೆ ನಾವು ಹೇಳಿಕೊಳ್ಳಬಹುದು. ಅದಕ್ಕೆ ನಮ್ಮಿಂದ ಏನೂ ಬೇಕಾಗಿಲ್ಲ. ಯಾರಿಗೂ ಬೇಕಾಗದೆ ಇರುವುದೇ ಮುಪ್ಪಿನ ದೊಡ್ಡ ಸಂಕಟ. ಹಂಗಿಲ್ಲದ ಆ ಸ್ನೇಹದಲ್ಲಿ ಋಣವೂ ಇಲ್ಲ. ತೀರಿಸಬೇಕಾದ್ದೇನೂ ಇಲ್ಲದವನ ಬಳಿಗೆ ಮತ್ತೆ ಹೋಗಲು ಕಾರಣವೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಚರಿತ್ರೆ ಅಪ್ಪಣೆ ಕೊಡುವುದಿಲ್ಲ, ಸುಳಿವನ್ನಷ್ಟೇ ಕೊಡುತ್ತದೆ. ಯಂತ್ರ ಬಂದಾಗಲೆಲ್ಲ ಮನುಷ್ಯಸಂಬಂಧ ಉಳಿದದ್ದು ಯಂತ್ರದ ಕೃಪೆಯಿಂದಲ್ಲ. ಅದರ ಸುತ್ತ ಮನುಷ್ಯರು ಬುದ್ಧಿಪೂರ್ವಕವಾಗಿ ಕಟ್ಟಿಕೊಂಡ ಏರ್ಪಾಟುಗಳಿಂದ. ಪೆಟ್ಟಿಗೆಯನ್ನು ಆರಿಸಿ ಚರ್ಚೆಗೆ ಕುಳಿತ ರೈತರದು ಅಂಥ ಏರ್ಪಾಟು. ತನ್ನ ಮನೆಯ ದೂರವಾಣಿಯ ಸಂಖ್ಯೆಯನ್ನು ಇನ್ನೊಬ್ಬರ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಒಪ್ಪಿದ ನೆರೆಯವನದೂ ಅಂಥದೇ. ಹಿಂದಿನ ಕಾಲದಲ್ಲಿ ಅನಿವಾರ್ಯತೆ ನಮ್ಮನ್ನು ಒಬ್ಬರ ಬಾಗಿಲಿಗೆ ಒಬ್ಬರನ್ನು ಕಳಿಸುತ್ತಿತ್ತು. ಅಲ್ಲಿ ಅವಮಾನವೂ ಇತ್ತು, ಆಸರೆಯೂ ಇತ್ತು. ಇನ್ನು ಮುಂದೆ ಆ ಅನಿವಾರ್ಯತೆ ಇರಲಾರದು. ಅವಮಾನವನ್ನು ಬಿಟ್ಟು ಆಸರೆಯನ್ನು ಮಾತ್ರ ಉಳಿಸಿಕೊಳ್ಳುವ ಅವಕಾಶ ನಮ್ಮ ಹಿರಿಯರಿಗೆ ದೊರೆತಿರಲಿಲ್ಲ, ನಮಗೆ ದೊರೆತಿದೆ. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಕೆಲಸವಿಲ್ಲದಿದ್ದರೂ ನೆರೆಮನೆಯ ಬಾಗಿಲು ತಟ್ಟುವ, ನಮ್ಮ ಬಾಗಿಲು ತಟ್ಟಿದವರಿಗೆ ಬೇಸರಿಸದೆ ತೆರೆಯುವ ಅಭ್ಯಾಸವನ್ನು ಇನ್ನು ಮೇಲೆ ನಾವೇ ಬೆಳೆಸಿಕೊಳ್ಳಬೇಕಾಗುತ್ತದೆ.